ಪಿಕೋಕೂಲಾಂಬ್ ಅಳೆಯುವ ಚರಗಿ: ಮನೆಯಲ್ಲೇ ಎಲೆಕ್ಟ್ರೋಮೀಟರ್ ಕಟ್ಟಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿತೆಂದರೆ ಬಾಗಲಕೋಟೆಯ ನಮ್ಮ ಮನೆಯಲ್ಲಿ ಪಾಲಿಯೆಸ್ಟರ್ ಅಂಗಿ ಕಳಚುವಾಗ ಚಟಚಟ ಸದ್ದು ಕೇಳಿಸುತ್ತದೆ. ಕತ್ತಲಿದ್ದರೆ ಕಿಡಿಯೂ ಕಾಣುತ್ತದೆ. ಆ ಕಿಡಿಯ ಹಿಂದಿರುವ ವಿಭವಾಂತರ ಸಾವಿರಾರು ವೋಲ್ಟ್ ಆಗಿದ್ದರೂ ಹರಿದುಹೋಗುವ ವಿದ್ಯುತ್ ಆವೇಶದ ಮೊತ್ತ ಸಾಮಾನ್ಯವಾಗಿ ಒಂದು ಮೈಕ್ರೋಕೂಲಾಂಬ್‌ನ ಒಳಗೇ ಇರುತ್ತದೆ. ಅದಕ್ಕಿಂತ ಲಕ್ಷಪಟ್ಟು ಚಿಕ್ಕದಾದ ಆವೇಶವನ್ನೂ, ಅಂದರೆ ಕೆಲವೇ ಪಿಕೋಕೂಲಾಂಬ್‌ಗಳನ್ನು, ಅಡುಗೆಮನೆಯ ಪಾತ್ರೆ ಮತ್ತು ಒಂದು ಸಣ್ಣ ಇಲೆಕ್ಟ್ರಾನಿಕ್ ಚಿಪ್ಪಿನ ಸಹಾಯದಿಂದ ಅಳೆಯುವುದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇನೆ. ಕೂಲಾಂಬ್ ಆವೇಶದ ಮಾನ; ಮೈಕ್ರೋ, ನ್ಯಾನೋ, ಪಿಕೋ, ಫೆಮ್ಟೋ ಎಂಬವುಗಳಲ್ಲಿ ಪ್ರತಿಯೊಂದೂ ಹಿಂದಿನದರ ಸಾವಿರದಲ್ಲೊಂದು ಪಾಲು. ಒಂದು ಪಿಕೋಕೂಲಾಂಬ್ ಎಂದರೆ ಸುಮಾರು 62.4 ಲಕ್ಷ ಎಲೆಕ್ಟ್ರಾನ್‌ಗಳ ಆವೇಶ. ಕೇಳಲು ದೊಡ್ಡ ಸಂಖ್ಯೆಯೆನಿಸಿದರೂ ಒಂದು ಸಾಧಾರಣ ಎಲ್‌ಇಡಿ ದೀಪದ ಮೂಲಕ ಅಷ್ಟು ಎಲೆಕ್ಟ್ರಾನ್‌ಗಳು ಒಂದು ನ್ಯಾನೋಸೆಕೆಂಡಿನೊಳಗೆ ದಾಟಿಹೋಗಿರುತ್ತವೆ.

ಹೊಸಬರು ಈ ಕೆಲಸಕ್ಕೆ ಕೈಹಾಕುವಾಗ ಸಣ್ಣ ಸಂಕೇತವನ್ನು ದೊಡ್ಡದು ಮಾಡುವುದೇ ಕಷ್ಟವೆಂದು ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿ ಒಳ್ಳೆಯ ಆಂಪ್ಲಿಫೈಯರ್‌ಗಾಗಿ ಹಣ ಸುರಿದಿದ್ದೆ. ಕಷ್ಟವಿರುವುದು ಅಲ್ಲಲ್ಲ, ಸೋರಿಕೆಯಲ್ಲಿ. ತೂತು ಬಿದ್ದ ಕೊಡದಲ್ಲಿ ನೀರೆಷ್ಟಿದೆಯೆಂದು ಅಳೆಯಹೊರಟರೆ ಅಳೆಯುವ ಪಟ್ಟಿ ಎಷ್ಟು ನಿಖರವಾಗಿದ್ದರೇನು? ಎಲೆಕ್ಟ್ರೋಮೀಟರ್, ಅಂದರೆ ಅತ್ಯಲ್ಪ ಆವೇಶವನ್ನು ಅಳೆಯುವ ಉಪಕರಣ, ಕಟ್ಟುವ ಕೆಲಸದ ಮುಕ್ಕಾಲು ಪಾಲು ಒಳ್ಳೆಯ ಅವಾಹಕವನ್ನು ಆರಿಸುವುದು, ಅದನ್ನು ಶುಚಿಯಾಗಿಡುವುದು ಮತ್ತು ಅದನ್ನು ಮುಟ್ಟದಿರುವುದು.

ಕೈಯಲ್ಲಿರುವ ಮಲ್ಟಿಮೀಟರಿನ ಮಿತಿ

ಡಿಜಿಟಲ್ ಮಲ್ಟಿಮೀಟರಿನ ಡಿಸಿ ವೋಲ್ಟ್ ವಿಭಾಗದ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್ ಇರುತ್ತದೆ. ಒಂದು ನ್ಯಾನೋಫ್ಯಾರಡ್‌ನ ಕೆಪಾಸಿಟರಿನಲ್ಲಿ ಆವೇಶ ತುಂಬಿ ಅದಕ್ಕೆ ಈ ಮೀಟರನ್ನು ನೇರವಾಗಿ ಜೋಡಿಸಿದರೆ, ಆವೇಶ ಎಷ್ಟು ಬೇಗ ಸೋರುತ್ತದೆಂದು ಹೇಳುವ ರೋಧ ಮತ್ತು ಧಾರಕತೆಗಳ ಗುಣಲಬ್ಧ 10 ಮಿಲಿಸೆಕೆಂಡ್ ಮಾತ್ರ ಆಗುವುದರಿಂದ, ಪರದೆಯ ಮೇಲೆ ಅಂಕಿ ಮೂಡುವ ಮೊದಲೇ ಆವೇಶವೆಲ್ಲ ಮೀಟರಿನ ಮೂಲಕ ಹರಿದುಹೋಗಿರುತ್ತದೆ.

ಇದೇ ದೋಷವನ್ನು ಗುಣವಾಗಿಯೂ ಬಳಸಿಕೊಳ್ಳಬಹುದು. ಮೀಟರನ್ನು 200 ಮಿಲಿವೋಲ್ಟ್ ಶ್ರೇಣಿಯಲ್ಲಿಟ್ಟು ಅತ್ಯಲ್ಪ ವಿದ್ಯುತ್ ಪ್ರವಾಹವೊಂದನ್ನು ಅದರ ಮೂಲಕವೇ ಹರಿಸಿದರೆ, ಕೊನೆಯ ಅಂಕಿಯಾದ 0.1 ಮಿಲಿವೋಲ್ಟ್ ಎಂಬುದು 10 ಪಿಕೋಆಂಪಿಯರ್‌ಗೆ ಸಮ. ಡಯೋಡ್‌ಗಳ ಹಿಮ್ಮುಖ ಸೋರಿಕೆಯನ್ನು ನೋಡಲು ಇಷ್ಟು ಸಾಕು. ನಿಂತ ಆವೇಶವನ್ನು ಅಳೆಯಲು ಮಾತ್ರ ಬೇರೆ ಉಪಕರಣ ಬೇಕು.

ಮೊದಲು ಒಂದು ವಿದ್ಯುದ್ದರ್ಶಕ

ಚಿಪ್ಪಿಗೆ ಕೈಹಾಕುವ ಮೊದಲು ಒಂದು ಹಳೆಯ ಮಾದರಿಯ ವಿದ್ಯುದ್ದರ್ಶಕವನ್ನು ಕಟ್ಟಿಕೊಳ್ಳುವುದು ಒಳ್ಳೆಯದು. ಯಾವ ವಸ್ತು ಸೋರುತ್ತದೆ, ಯಾವುದು ಸೋರುವುದಿಲ್ಲ ಎಂಬುದನ್ನು ಅದು ಕಣ್ಣಿಗೇ ತೋರಿಸುತ್ತದೆ. ಅಬ್ರಹಾಂ ಬೆನೆಟ್ 1787ರಲ್ಲಿ ವಿವರಿಸಿದ ಸ್ವರ್ಣಪತ್ರ ವಿದ್ಯುದ್ದರ್ಶಕದ ತತ್ತ್ವವನ್ನು ಪಿಯುಸಿ ಓದಿದವರೆಲ್ಲ ಬಲ್ಲರು: ಒಂದೇ ಬಗೆಯ ಆವೇಶ ಪಡೆದ ಎರಡು ತೆಳು ಹಾಳೆಗಳು ಒಂದನ್ನೊಂದು ತಳ್ಳಿ ದೂರ ಸರಿಯುತ್ತವೆ. ಚಿನ್ನದ ಹಾಳೆಯ ಬದಲು ಸಿಹಿತಿನಿಸಿನ ಮೇಲೆ ಹಚ್ಚುವ ಬೆಳ್ಳಿಯ ವರ್ಕ್ ಸಾಕು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಗಿಂತ ಅದು ಎಷ್ಟೋ ಪಟ್ಟು ತೆಳುವಾಗಿರುವುದರಿಂದ ಹೆಚ್ಚು ಚುರುಕಾಗಿ ಅರಳುತ್ತದೆ, ಆದರೆ ಉಸಿರು ತಾಗಿದರೂ ಹರಿಯುತ್ತದೆ. ಆದ್ದರಿಂದ ಅದನ್ನು ಕಾಗದದ ಸಮೇತವೇ ಕತ್ತರಿಸಿ, ಫ್ಯಾನ್ ನಿಲ್ಲಿಸಿ ಕೆಲಸ ಮಾಡಬೇಕು.

ಅಗಲ ಬಾಯಿಯ ಗಾಜಿನ ಬಾಟಲಿಯ ಮುಚ್ಚಳದಲ್ಲಿ ರಂಧ್ರ ಕೊರೆದು ಅದರ ಮೂಲಕ ದಪ್ಪ ತಾಮ್ರದ ತಂತಿಯನ್ನು ಇಳಿಬಿಡಿ. ತಂತಿಗೂ ಮುಚ್ಚಳಕ್ಕೂ ನಡುವೆ ನಲ್ಲಿ ರಿಪೇರಿಯವರು ಸುತ್ತುವ ಬಿಳಿಯ ಟೆಫ್ಲಾನ್ ಟೇಪನ್ನು ಬಿಗಿಯಾಗಿ, ಬೆರಳ ದಪ್ಪಕ್ಕೆ ಸುತ್ತಬೇಕು. ಹತ್ತಿಪ್ಪತ್ತು ರೂಪಾಯಿಯ ಈ ಟೇಪು ದುಬಾರಿ ಪ್ರಯೋಗಾಲಯಗಳಲ್ಲಿ ಬಳಸುವ ಅವಾಹಕವೇ ಆಗಿದೆ. ತಂತಿಯ ಕೆಳತುದಿಗೆ ವರ್ಕಿನ ಎರಡು ಪಟ್ಟಿಗಳನ್ನು ಅಂಟಿಸಿ, ಮೇಲ್ತುದಿಗೆ ಚಪ್ಪಟೆಯಾದ ಲೋಹದ ಬಿಲ್ಲೆಯನ್ನು ಬೆಸೆಯಿರಿ. ಒಣ ಕಂಬಳಿಗೆ ಉಜ್ಜಿದ ಪಿವಿಸಿ ಕೊಳವೆಯನ್ನು ಬಿಲ್ಲೆಯ ಬಳಿ ತಂದೊಡನೆ ಪಟ್ಟಿಗಳು ಅರಳುತ್ತವೆ. ಕೊಳವೆಯನ್ನು ಬಿಲ್ಲೆಗೆ ಸವರಿ ಆವೇಶವನ್ನು ದಾಟಿಸಿದ ಮೇಲೆ ಅವು ಎಷ್ಟು ಹೊತ್ತು ಅರಳಿಯೇ ಇರುತ್ತವೆಂಬುದನ್ನು ಗಡಿಯಾರ ಹಿಡಿದು ಬರೆದುಕೊಳ್ಳಿ. ಟೆಫ್ಲಾನಿನ ಬದಲು ಬಿರಡೆ, ರಬ್ಬರ್, ಮರದ ತುಂಡುಗಳನ್ನು ಹಾಕಿ ಇದೇ ಪರೀಕ್ಷೆ ಮಾಡಿದರೆ ಪುಸ್ತಕದ ಹತ್ತು ಪುಟ ಹೇಳದ ಪಾಠ ಸಿಗುತ್ತದೆ.

ಅವಾಹಕ ಪರಿಪೂರ್ಣವಾಗಿದ್ದರೂ ಪಟ್ಟಿಗಳು ಕೊನೆಗೆ ಮಡಚಿಕೊಳ್ಳುತ್ತವೆ. ನೆಲದ ವಿಕಿರಣ ಮತ್ತು ವಿಶ್ವಕಿರಣಗಳಿಂದಾಗಿ ಗಾಳಿಯ ಪ್ರತಿ ಘನ ಸೆಂಟಿಮೀಟರಿನಲ್ಲಿ ಸೆಕೆಂಡಿಗೆ ಸುಮಾರು 10 ಅಯಾನು ಜೋಡಿಗಳು ಹುಟ್ಟುತ್ತಿರುತ್ತವೆ. ಅರ್ಧ ಲೀಟರ್ ಬಾಟಲಿಯೊಳಗೆ ಇದು ಒಂದು ಫೆಮ್ಟೋಆಂಪಿಯರ್‌ಗೆ ತುಸು ಕಡಿಮೆ ಪ್ರವಾಹವಾಗುತ್ತದೆ. ಇದೇ ಸೋರಿಕೆಯ ಮೂಲವನ್ನು ಹುಡುಕುತ್ತ ವಿಕ್ಟರ್ ಹೆಸ್ 1912ರಲ್ಲಿ ವಿದ್ಯುದ್ದರ್ಶಕಗಳೊಂದಿಗೆ ಬಲೂನಿನಲ್ಲಿ ಐದು ಸಾವಿರ ಮೀಟರಿಗೂ ಎತ್ತರ ಏರಿ ವಿಶ್ವಕಿರಣಗಳನ್ನು ಪತ್ತೆಮಾಡಿದರು. ವಿದ್ಯುದ್ದರ್ಶಕದ ಕೊರತೆಯೆಂದರೆ ನೂರಾರು ವೋಲ್ಟ್ ಇಲ್ಲದೆ ಅದು ಅಲುಗುವುದಿಲ್ಲ. ಒಂದು ವೋಲ್ಟಿಗಿಂತ ಕೆಳಗೆ ಇಳಿಯಬೇಕಾದರೆ ಇಲೆಕ್ಟ್ರಾನಿಕ್ಸ್ ಅನಿವಾರ್ಯ.

ಬೇಕಾದ ಸಾಮಗ್ರಿ

ಮುಖ್ಯ ಅಂಗ, ಸಂಕೇತವನ್ನು ಹಿಗ್ಗಿಸುವ ಚಿಪ್ಪಾದ ಒಂದು ಆಪ್‌ಆಂಪ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ 741 ಇಲ್ಲಿ ಪ್ರಯೋಜನಕ್ಕಿಲ್ಲ. ಅದರ ಒಳಕಾಲು, ಅಂದರೆ ಸಂಕೇತ ಪಡೆಯುವ ಕಾಲು, ಹೀರುವ ಪ್ರವಾಹ ಸುಮಾರು 80 ನ್ಯಾನೋಆಂಪಿಯರ್. ಸಿಎ 3140 ಎಂಬ ಚಿಪ್ಪಿನಲ್ಲಿ ಅದು ಸಾಮಾನ್ಯವಾಗಿ 10 ಪಿಕೋಆಂಪಿಯರ್, ಎಲ್‌ಎಂಸಿ 662ರಲ್ಲಿ ಸುಮಾರು 2 ಫೆಮ್ಟೋಆಂಪಿಯರ್. ಇವನ್ನು ಒಂದು ನ್ಯಾನೋಫ್ಯಾರಡ್ ಕೆಪಾಸಿಟರಿಗೆ ಜೋಡಿಸಿದಾಗ ಏನಾಗುತ್ತದೆಂದು ಲೆಕ್ಕ ಹಾಕಿದರೆ ಆಯ್ಕೆ ತಾನಾಗಿಯೇ ನಿರ್ಧಾರವಾಗುತ್ತದೆ: ಸಿಎ 3140 ಸೆಕೆಂಡಿಗೆ 10 ಮಿಲಿವೋಲ್ಟ್ ಜಾರಿದರೆ, ಎಲ್‌ಎಂಸಿ 662 ಸೆಕೆಂಡಿಗೆ 2 ಮೈಕ್ರೋವೋಲ್ಟ್ ಮಾತ್ರ ಜಾರುತ್ತದೆ. ಚಿಪ್ಪನ್ನು ಅಂಚೆಯಲ್ಲಿ ತರಿಸಿಕೊಳ್ಳಬೇಕಾದೀತು, ಆದರೂ ಎರಡನೆಯದನ್ನೇ ಆರಿಸಿ. ಈ ಪ್ರವಾಹ ಪ್ರತಿ 10 ಡಿಗ್ರಿ ಉಷ್ಣತೆಗೆ ಸುಮಾರು ಎರಡು ಪಟ್ಟಾಗುತ್ತದೆಂಬುದನ್ನೂ ನೆನಪಿಡಬೇಕು. ನಮ್ಮ ಏಪ್ರಿಲ್ ಮಧ್ಯಾಹ್ನ ಅವಾಹಕಗಳಿಗೆ ಹಿತ, ಚಿಪ್ಪಿಗೆ ಅಷ್ಟು ಹಿತವಲ್ಲ.

ಉಳಿದಂತೆ 1, 10 ಮತ್ತು 100 ನ್ಯಾನೋಫ್ಯಾರಡ್‌ನ ಪಾಲಿಪ್ರೊಪಿಲೀನ್ ಅಥವಾ ಪಾಲಿಸ್ಟೈರೀನ್ ಕೆಪಾಸಿಟರ್‌ಗಳು ಒಂದೊಂದು, ಒಂದು ಮೆಗಾಓಮ್ ಮತ್ತು ಒಂದು ಕಿಲೋಓಮ್ ರೆಸಿಸ್ಟರ್‌ಗಳು, 0.1 ಮೈಕ್ರೋಫ್ಯಾರಡ್‌ನ ಎರಡು ಸಿರಾಮಿಕ್ ಕೆಪಾಸಿಟರ್‌ಗಳು, ಆರು ಪೆನ್ಸಿಲ್ ಸೆಲ್‌ಗಳು, ಒಂದು ಸ್ಟೀಲಿನ ಚರಗಿ, ಅದು ಸಡಿಲವಾಗಿ ಕೂರುವಷ್ಟು ದೊಡ್ಡದಾದ ಮುಚ್ಚಳವಿರುವ ತಗಡಿನ ಡಬ್ಬಿ, ಟೆಫ್ಲಾನಿನ ಒಂದು ತುಂಡು ಮತ್ತು ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು. ಆವೇಶ ಹಿಡಿಯುವ ಜಾಗದಲ್ಲಿ ಸಿರಾಮಿಕ್ ಕೆಪಾಸಿಟರ್ ಬಳಸಬೇಡಿ. ಅದು ಸೋರುತ್ತದೆ, ಅಲ್ಲದೆ ಹಿಂದಿನ ಆವೇಶದ ನೆನಪನ್ನು ಸ್ವಲ್ಪ ಉಳಿಸಿಕೊಂಡು ಶೂನ್ಯವನ್ನು ಕೆಡಿಸುತ್ತದೆ.

ಜೋಡಣೆ

ಆರು ಸೆಲ್‌ಗಳನ್ನು ಸಾಲಾಗಿ ಜೋಡಿಸಿ, ಮೂರನೆಯ ಮತ್ತು ನಾಲ್ಕನೆಯ ಸೆಲ್ಲಿನ ನಡುವಿನ ಬಿಂದುವನ್ನು ಸಾಮಾನ್ಯ ನೆಲೆಯೆಂದು ಇಟ್ಟುಕೊಂಡರೆ ಅದರ ಮೇಲೆ 4.5 ವೋಲ್ಟ್, ಕೆಳಗೆ 4.5 ವೋಲ್ಟ್ ಸಿಗುತ್ತದೆ. ಎರಡು 9 ವೋಲ್ಟ್ ಬ್ಯಾಟರಿಗಳನ್ನು ಬಳಸುವ ಆಸೆ ಬೇಡ. ಒಟ್ಟು 18 ವೋಲ್ಟನ್ನು ಈ ಚಿಪ್ಪು ತಾಳುವುದಿಲ್ಲ. ಧನ ತುದಿ ಚಿಪ್ಪಿನ 8ನೆಯ ಕಾಲಿಗೆ, ಋಣ ತುದಿ 4ನೆಯ ಕಾಲಿಗೆ ಹೋಗಲಿ, ಎರಡರಿಂದಲೂ ಸಾಮಾನ್ಯ ನೆಲೆಗೆ ಒಂದೊಂದು ಸಿರಾಮಿಕ್ ಕೆಪಾಸಿಟರ್ ಇರಲಿ. 1 ಮತ್ತು 2ನೆಯ ಕಾಲುಗಳನ್ನು ಒಟ್ಟಿಗೆ ಬೆಸೆಯಿರಿ. ಬಳಸದ ಎರಡನೆಯ ಭಾಗವನ್ನು ಅಲೆದಾಡಲು ಬಿಡದೆ 6 ಮತ್ತು 7ನ್ನು ಜೋಡಿಸಿ, 5ನ್ನು ಸಾಮಾನ್ಯ ನೆಲೆಗೆ ಕಟ್ಟಿ. 1ನೆಯ ಕಾಲಿನಿಂದ ಒಂದು ಕಿಲೋಓಮ್ ಮೂಲಕ ಮಲ್ಟಿಮೀಟರಿನ ಕೆಂಪು ತಂತಿಗೆ, ಸಾಮಾನ್ಯ ನೆಲೆಯಿಂದ ಕಪ್ಪು ತಂತಿಗೆ ಸಂಪರ್ಕ ಕೊಟ್ಟರೆ ಹೊರಭಾಗ ಮುಗಿಯಿತು.

ಇನ್ನು ಉಳಿದಿರುವುದು 3ನೆಯ ಕಾಲು, ಇಡೀ ಉಪಕರಣದ ಜೀವ. ಅದರ ಪಕ್ಕದಲ್ಲೇ ಋಣ 4.5 ವೋಲ್ಟ್ ಇರುವ 4ನೆಯ ಕಾಲಿದೆ. ಇವೆರಡರ ನಡುವೆ ಬೆಸುಗೆಯ ಹಲಗೆಯ ಮೇಲೆ ಬೆರಳಿನ ಬೆವರೋ ಬೆಸುಗೆಯ ರಾಳವೋ ಉಳಿದಿದ್ದು, ಅದರ ರೋಧ 10 ಗಿಗಾಓಮ್ ಇದ್ದರೂ, 450 ಪಿಕೋಆಂಪಿಯರ್ ಸೋರಿ ಚಿಪ್ಪಿನ ಎರಡು ಫೆಮ್ಟೋಆಂಪಿಯರ್‌ನ ಹೆಗ್ಗಳಿಕೆ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಆದ್ದರಿಂದ 3ನೆಯ ಕಾಲನ್ನು ಹಲಗೆಯ ರಂಧ್ರಕ್ಕೆ ಇಳಿಸಲೇಬಾರದು. ಚಿಮಟಿಗೆಯಿಂದ ಅದನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿ ಗಾಳಿಯಲ್ಲೇ ನಿಲ್ಲಿಸಿ, ಅದರ ತುದಿಗೆ ಒಂದು ಮೆಗಾಓಮ್ ರೆಸಿಸ್ಟರನ್ನು ಗಾಳಿಯಲ್ಲೇ ಬೆಸೆಯಬೇಕು. ರೆಸಿಸ್ಟರಿನ ಇನ್ನೊಂದು ತುದಿ ಟೆಫ್ಲಾನ್ ತುಂಡಿನ ಮೇಲೆ ನಿಂತ ಒಂದು ಮೊಳೆಗೆ ಹೋಗುತ್ತದೆ, ಅದೇ ಮೊಳೆಗೆ ಕೆಪಾಸಿಟರಿನ ಒಂದು ಕಾಲೂ ಚರಗಿಯಿಂದ ಬರುವ ತಂತಿಯೂ ಸೇರುತ್ತವೆ. ಕೆಪಾಸಿಟರಿನ ಮತ್ತೊಂದು ಕಾಲು ಸಾಮಾನ್ಯ ನೆಲೆಗೆ. ಶ್ರೇಣಿ ಬದಲಿಸಲು ಸ್ವಿಚ್ ಹಾಕುವ ಮನಸ್ಸಾಗುತ್ತದೆ, ಆದರೆ ಸಾಧಾರಣ ಸ್ವಿಚ್ಚಿನ ಮೈ ಬೇಕೆಲೈಟಿನದು, ಅದು ಸೋರುತ್ತದೆ. ಮೊಸಳೆ ಕ್ಲಿಪ್ಪಿನಿಂದ ಕೆಪಾಸಿಟರನ್ನೇ ಬದಲಿಸುವುದು ಮೇಲು.

ಒಂದು ಮೆಗಾಓಮ್ ರೆಸಿಸ್ಟರಿನ ಕೆಲಸ ರಕ್ಷಣೆ. ಚಿಪ್ಪಿನ ಒಳಕಾಲು 5 ಮಿಲಿಆಂಪಿಯರ್‌ವರೆಗೆ ಮಾತ್ರ ಸಹಿಸುತ್ತದೆ. ಅಕಸ್ಮಾತ್ತಾಗಿ 5,000 ವೋಲ್ಟ್ ತಾಗಿದರೂ ಈ ರೆಸಿಸ್ಟರ್ ಪ್ರವಾಹವನ್ನು ಆ ಮಿತಿಯಲ್ಲಿಡುತ್ತದೆ.

ಬೆಸುಗೆ ಮುಗಿದ ಮೇಲೆ ಎಲ್ಲವನ್ನೂ ಆಲ್ಕೋಹಾಲಿನಲ್ಲಿ ಅದ್ದಿದ ಮೃದುವಾದ ಬ್ರಶ್ಶಿನಿಂದ ಎರಡು ಸಲ ತೊಳೆದು ಒಣಗಿಸಿ, ಅಲ್ಲಿಂದಾಚೆಗೆ ಟೆಫ್ಲಾನನ್ನು ಬೆರಳಿನಿಂದ ಮುಟ್ಟಬೇಡಿ. ನನ್ನ ಮೊದಲ ಉಪಕರಣ ಮೂರು ಸಂಜೆ ನನ್ನನ್ನು ಕಾಡಿತು. ಚಿಪ್ಪು ಕೆಟ್ಟಿದೆಯೆಂದು ಎರಡು ಬದಲಿಸಿದ ಮೇಲೆ ತಿಳಿದದ್ದು, ಟೆಫ್ಲಾನಿನ ಅಂಚಿನಲ್ಲಿ ಕೂದಲೆಳೆಯಷ್ಟು ರಾಳ ಉಳಿದಿತ್ತು.

ಚರಗಿಯನ್ನು ಕೂರಿಸುವುದು

ಮೈಕೆಲ್ ಫ್ಯಾರಡೆ 1843ರಲ್ಲಿ ಮಂಜುಗಡ್ಡೆಯ ಲೋಹದ ಬಕೆಟ್ಟಿನಿಂದ ತೋರಿಸಿದ ಪ್ರಯೋಗವನ್ನೇ ನಾವು ಚರಗಿಯಲ್ಲಿ ಮಾಡುತ್ತಿದ್ದೇವೆ. ಆವೇಶವಿರುವ ವಸ್ತುವನ್ನು ಆಳವಾದ ಲೋಹದ ಪಾತ್ರೆಯೊಳಗೆ ಇಳಿಸಿದರೆ, ಅದು ಗೋಡೆಗೆ ತಾಗದಿದ್ದರೂ, ಪಾತ್ರೆಯ ಹೊರಮೈಯಲ್ಲಿ ಅಷ್ಟೇ ಆವೇಶ ಕಾಣಿಸಿಕೊಳ್ಳುತ್ತದೆ. ವಸ್ತು ಪಾತ್ರೆಯ ಯಾವ ಮೂಲೆಯಲ್ಲಿದೆಯೆಂಬುದು ಲೆಕ್ಕಕ್ಕೆ ಬಾರದಿರುವುದೇ ಈ ವಿಧಾನದ ಸೊಗಸು. ಚರಗಿಯ ಕಂಠ ಕಿರಿದಾಗಿದ್ದು ಹೊಟ್ಟೆ ಆಳವಾಗಿರುವುದರಿಂದ ಅಗಲ ಬಾಯಿಯ ಡಬರಿಗಿಂತ ಇದು ಉತ್ತಮ.

ಡಬ್ಬಿಯ ತಳದಲ್ಲಿ ಟೆಫ್ಲಾನಿನ ಮೂರು ತುಂಡುಗಳನ್ನಿಟ್ಟು ಅವುಗಳ ಮೇಲೆ ಚರಗಿಯನ್ನು ಕೂರಿಸಿ. ಡಬ್ಬಿಯನ್ನು ಸಾಮಾನ್ಯ ನೆಲೆಗೆ ಜೋಡಿಸಿ, ಅಲ್ಲಿಂದ ಒಂದು ತಂತಿಯನ್ನು ತೇವದ ನೆಲದಲ್ಲಿ ನೆಟ್ಟ ಕಬ್ಬಿಣದ ಸಲಾಕೆಗೆ ಕೊಡಿ. ಗೋಡೆಯ ಪ್ಲಗ್ಗಿನ ಯಾವ ರಂಧ್ರಕ್ಕೂ ತಂತಿ ತೂರಿಸಬೇಡಿ, ಅರ್ಥಿಂಗ್ ಎಂದು ಗುರುತಿಸಿದ ರಂಧ್ರ ನಿಜವಾಗಿಯೂ ಭೂಮಿಗೆ ಸೇರಿದೆಯೆಂಬ ಖಾತರಿ ಹಳೆಯ ಮನೆಗಳಲ್ಲಿ ಇರುವುದಿಲ್ಲ. ಸರ್ಕ್ಯೂಟನ್ನು ಡಬ್ಬಿಯೊಳಗೇ ಇಟ್ಟು, ಚರಗಿಯಿಂದ ಮೊಳೆಗೆ ಹೋಗುವ ತಂತಿಯನ್ನು ಗಿಡ್ಡವಾಗಿಯೂ ಅಲುಗದಂತೆಯೂ ಇಡಬೇಕು. ಬಾಗಿದ ಕೇಬಲ್ಲಿನೊಳಗೆ ಪ್ಲಾಸ್ಟಿಕ್ಕೂ ಲೋಹವೂ ಉಜ್ಜಿಕೊಂಡು ತಾವೇ ಆವೇಶ ಹುಟ್ಟಿಸುತ್ತವೆ.

ಸೋರಿಕೆಯ ಪರೀಕ್ಷೆ

ನೆಲೆಗೆ ಜೋಡಿಸಿದ ತಂತಿಯನ್ನು ಚರಗಿಗೆ ತಾಗಿಸಿ ತೆಗೆದರೆ ಮೀಟರ್ ಶೂನ್ಯದ ಹತ್ತಿರ ನಿಲ್ಲಬೇಕು. ಆಪ್‌ಆಂಪಿನ ಸಹಜ ದೋಷದಿಂದ ಒಂದೆರಡು ಮಿಲಿವೋಲ್ಟ್ ಕಂಡರೆ ಅದನ್ನು ಬರೆದುಕೊಂಡು ಮುಂದೆ ಕಳೆಯುತ್ತ ಹೋಗಿ. ಈಗ ಪೆನ್ಸಿಲ್ ಸೆಲ್ಲೊಂದರ ಋಣ ತುದಿಯನ್ನು ನೆಲೆಗೆ ಹಿಡಿದು ಧನ ತುದಿಯನ್ನು ಕ್ಷಣಕಾಲ ಚರಗಿಗೆ ಮುಟ್ಟಿಸಿ ಬಿಡಿ. ಮೀಟರ್ 1.5 ವೋಲ್ಟ್ ತೋರಿಸಿ ಅಲ್ಲಿಯೇ ನಿಲ್ಲಬೇಕು. ಮೊದಲ ಒಂದೆರಡು ನಿಮಿಷದ ಜಾರುವಿಕೆ ಕೆಪಾಸಿಟರಿನ ಒಳಪದರ ಆವೇಶ ಹೀರುವುದರಿಂದಲೂ ಆಗಬಹುದು, ಅದನ್ನು ಬಿಟ್ಟು ನಂತರದ ಜಾರುವಿಕೆಯನ್ನು ಅಳೆಯಿರಿ. ಒಂದು ನ್ಯಾನೋಫ್ಯಾರಡ್ ಜೊತೆ 100 ಸೆಕೆಂಡಿನಲ್ಲಿ 10 ಮಿಲಿವೋಲ್ಟ್ ಇಳಿದರೆ ಸೋರಿಕೆ 0.1 ಪಿಕೋಆಂಪಿಯರ್, ಸೋರಿಕೆಯ ರೋಧ 10ರ 13ನೆಯ ಘಾತದಷ್ಟು ಓಮ್‌ಗೂ ಮಿಗಿಲು. ಮನೆಯ ಉಪಕರಣಕ್ಕೆ ಇದು ಒಳ್ಳೆಯ ಫಲಿತಾಂಶ. ಒಂದೇ ನಿಮಿಷದಲ್ಲಿ ಅರ್ಧಕ್ಕೆ ಇಳಿದರೆ ಮುಂದುವರಿಯದೆ ಮತ್ತೆ ತೊಳೆಯಿರಿ.

ಅಳತೆ ಹೊಂದಿಸುವುದು

ಆವೇಶವೆಂದರೆ ಧಾರಕತೆ ಮತ್ತು ವಿಭವದ ಗುಣಲಬ್ಧ. ಒಂದು ನ್ಯಾನೋಫ್ಯಾರಡ್ ಇದ್ದಾಗ ಒಂದು ಮಿಲಿವೋಲ್ಟ್ ಎಂದರೆ ಒಂದು ಪಿಕೋಕೂಲಾಂಬ್. ಆದರೆ ಚರಗಿ ಮತ್ತು ಡಬ್ಬಿಯ ನಡುವಿನ ಧಾರಕತೆಯೂ ಅದರೊಂದಿಗೆ ಸೇರಿಕೊಳ್ಳುವುದರಿಂದ ನಿಜವಾದ ಬೆಲೆಯನ್ನು ಕಂಡುಕೊಳ್ಳಬೇಕು. ಶೇಕಡಾ 1ರ ನಿಖರತೆಯ 100 ಪಿಕೋಫ್ಯಾರಡ್ ಕೆಪಾಸಿಟರನ್ನು 1.500 ವೋಲ್ಟಿಗೆ ತುಂಬಿಸಿದರೆ ಅದರಲ್ಲಿ 150 ಪಿಕೋಕೂಲಾಂಬ್ ಇರುತ್ತದೆ. ಅದರ ಒಂದು ಕಾಲನ್ನು ನೆಲೆಗೆ ಹಿಡಿದು ಮತ್ತೊಂದನ್ನು ಶೂನ್ಯ ಮಾಡಿದ ಚರಗಿಗೆ ತಾಗಿಸಿ ಹಾಗೆಯೇ ಹಿಡಿಯಿರಿ. ಮೀಟರ್ 130 ಮಿಲಿವೋಲ್ಟ್ ತೋರಿಸಿತೆನ್ನಿ. ಆಗ ಒಟ್ಟು ಧಾರಕತೆ 150ನ್ನು 0.130ರಿಂದ ಭಾಗಿಸಿದಷ್ಟು, ಅಂದರೆ 1,154 ಪಿಕೋಫ್ಯಾರಡ್. ಅದರಲ್ಲಿ ಕೈಯಲ್ಲಿರುವ 100 ಕಳೆದರೆ ಉಪಕರಣದ ಪಾಲು 1,054. ಕೆಪಾಸಿಟರನ್ನು ಅದರ ಪ್ಲಾಸ್ಟಿಕ್ ಮೈಯಿಂದಲ್ಲದೆ ನೆಲೆಯ ಕಾಲಿನಿಂದ ಹಿಡಿಯುವುದು ಮತ್ತು ಐದಾರು ಸಲ ಅಳೆದು ಸರಾಸರಿ ತೆಗೆದುಕೊಳ್ಳುವುದು ಅಗತ್ಯ.

ಮೇಲ್ಮಿತಿಯನ್ನೂ ಗಮನಿಸಿ. ಈ ಚಿಪ್ಪಿನ ಒಳಕಾಲು ಧನ ದಿಕ್ಕಿನಲ್ಲಿ ಪೂರ್ತಿ 4.5 ವೋಲ್ಟ್‌ವರೆಗೆ ಕೆಲಸ ಮಾಡುವುದಿಲ್ಲ, ಎರಡು ವೋಲ್ಟಿನೊಳಗೆ ಇರುವುದು ಕ್ಷೇಮ. ಹಾಗಾಗಿ ಒಂದು ನ್ಯಾನೋಫ್ಯಾರಡ್‌ನಲ್ಲಿ 2, ಹತ್ತರಲ್ಲಿ 20, ನೂರರಲ್ಲಿ 200 ನ್ಯಾನೋಕೂಲಾಂಬ್‌ವರೆಗೆ ಅಳೆಯಬಹುದು. ಗೊತ್ತಿಲ್ಲದ ವಸ್ತುವನ್ನು ಯಾವಾಗಲೂ ನೂರರಿಂದ ಶುರುಮಾಡಿ.

ಕೆಳಮಿತಿ ಎಲ್ಲಿದೆ? ಮೀಟರಿನ ಕೊನೆಯ ಅಂಕಿ 0.1 ಪಿಕೋಕೂಲಾಂಬ್. ಅದಕ್ಕೂ ಕೆಳಗೆ ಪ್ರಕೃತಿಯದೇ ಒಂದು ಗೆರೆಯಿದೆ: ಕೋಣೆಯ ಉಷ್ಣತೆಯಲ್ಲಿ ಒಂದು ನ್ಯಾನೋಫ್ಯಾರಡ್ ಕೆಪಾಸಿಟರನ್ನು ಎಷ್ಟು ಸಲ ಶೂನ್ಯಕ್ಕೆ ತಂದರೂ ಶಾಖದ ಕಂಪನದಿಂದಾಗಿ ಸುಮಾರು 2 ಫೆಮ್ಟೋಕೂಲಾಂಬ್, ಅಂದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ಎಲೆಕ್ಟ್ರಾನ್‌ಗಳಷ್ಟು ಏರುಪೇರು ಉಳಿಯುತ್ತದೆ.

ಅಳತೆ ಶುರು

ಗಾಜಿನ ಕಡ್ಡಿಯೊಂದನ್ನೂ ಹಳೆಯ ಇಳಕಲ್ ಸೀರೆಯ ರೇಷ್ಮೆ ಸೆರಗಿನ ತುಂಡನ್ನೂ ತೆಗೆದುಕೊಳ್ಳಿ. ಚಮಕಾ ಸೆರಗಾದರೆ ಅದು ಕೃತಕ ರೇಷ್ಮೆ, ತೇವ ಹೀರಿಕೊಂಡು ಆವೇಶವನ್ನು ಬೇಗ ಬಿಟ್ಟುಕೊಡುತ್ತದೆ. ಸೆರಗಿನ ತುಂಡನ್ನು ಒಣ ಪ್ಲಾಸ್ಟಿಕ್ ಕಡ್ಡಿಯ ತುದಿಗೆ ಕಟ್ಟಿ, ಎರಡನ್ನೂ ಚರಗಿಯೊಳಗೇ ಒಂದಕ್ಕೊಂದು ಉಜ್ಜಿದರೆ ಮೀಟರ್ ಹೆಚ್ಚುಕಡಿಮೆ ಶೂನ್ಯದಲ್ಲೇ ಇರುತ್ತದೆ. ಗಾಜನ್ನು ಹೊರಗೆ ತೆಗೆದೊಡನೆ ಋಣ ಅಂಕಿ ಮೂಡುತ್ತದೆ. ಗಾಜನ್ನು ಮರಳಿ ಇಳಿಸಿ ರೇಷ್ಮೆಯನ್ನು ತೆಗೆದರೆ ಅಷ್ಟೇ ಧನ ಅಂಕಿ. ಆವೇಶ ಹುಟ್ಟುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುತ್ತದೆ ಎಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಪ್ರಯೋಗ ನನಗೆ ಗೊತ್ತಿಲ್ಲ. ಎರಡೂ ಅಂಕಿಗಳು ಸಮವಾಗದಿದ್ದರೆ ಹಿಡಿಕೆ ಸೋರುತ್ತಿದೆ ಅಥವಾ ನಿಮ್ಮ ಕೈಯೇ ಚರಗಿಯ ಬಾಯಿಗೆ ತೀರಾ ಹತ್ತಿರ ಬಂದಿದೆ.

ಮಕ್ಕಳಿಗೆ ಹೆಚ್ಚು ಹಿಡಿಸುವುದು ಜೋಳದ ಪ್ರಯೋಗ. ಒಣಗಿದ ಬಿಳಿಜೋಳದ ಒಂದು ಹಿಡಿಯನ್ನು ಓರೆಯಾಗಿ ಹಿಡಿದ ಮೊಳದುದ್ದದ ಪಿವಿಸಿ ಕೊಳವೆಯ ಮೂಲಕ ಚರಗಿಗೆ ಜಾರಿಸಿ. ಪಿವಿಸಿ ಋಣಾವೇಶವನ್ನು ಸುಲಭವಾಗಿ ಪಡೆಯುವ ವಸ್ತುವಾದ್ದರಿಂದ ಕಾಳು ಸಾಮಾನ್ಯವಾಗಿ ಧನಾವೇಶ ಹೊತ್ತು ಬೀಳುತ್ತದೆ. ಕೊಳವೆಯ ಇಳಿಜಾರು, ಉದ್ದ, ಕಾಳಿನ ತೇವ ಇವನ್ನು ಒಂದೊಂದಾಗಿ ಬದಲಿಸಿ ಪಟ್ಟಿ ಬರೆದರೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಸಾಕಾಗುವಷ್ಟು ಸರಕು ಸಿಗುತ್ತದೆ. ಕೊಳವೆಯನ್ನು ಮಾತ್ರ ಚರಗಿಯೊಳಗೆ ತೂರಿಸಬೇಡಿ, ಅದರ ಆವೇಶವೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಅಂಕಿ ನಿಲ್ಲದೆ ಅಲೆದಾಡಿದರೆ

ಡಬ್ಬಿಯ ಮುಚ್ಚಳ ತೆಗೆದು ಮುಂದೆ ಕುಳಿತು ಅಲುಗಿದರೂ ಅಂಕಿ ಕುಣಿಯುತ್ತದೆ. ನಿಮ್ಮ ಅಂಗಿಯ ಆವೇಶವೇ ಅದಕ್ಕೆ ಕಾರಣ. ಹತ್ತಿಯ ಬಟ್ಟೆ ತೊಟ್ಟು, ಕೆಲಸಕ್ಕೆ ಮೊದಲು ಡಬ್ಬಿಯನ್ನು ಮುಟ್ಟಿ ಮೈಯ ಆವೇಶವನ್ನು ಇಳಿಸಿಕೊಳ್ಳಿ. ಮನೆಯ 50 ಹರ್ಟ್ಸ್ ವೈರಿಂಗ್ ಇನ್ನೊಂದು ಉಪದ್ರವ, ಅದಕ್ಕೆ ಮುಚ್ಚಳದಲ್ಲಿ ವಸ್ತು ಇಳಿಯುವಷ್ಟೇ ರಂಧ್ರ ಬಿಟ್ಟು ಉಳಿದದ್ದನ್ನು ಮುಚ್ಚುವುದೇ ಮದ್ದು. ಕರೆಂಟ್ ಹೋದಾಗ ಊರೆಲ್ಲ ಬೈಯುವ ಹೊತ್ತಿನಲ್ಲಿ ನನ್ನ ಅತ್ಯುತ್ತಮ ಅಳತೆಗಳು ಸಿಕ್ಕಿವೆ. ಟೆಫ್ಲಾನನ್ನು ಒರೆಸಿದರೆ ಅದೇ ಆವೇಶ ಪಡೆದು ಗಂಟೆಗಟ್ಟಲೆ ಅಂಕಿಯನ್ನು ಎಳೆದಾಡುತ್ತದೆ. ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ, ತುಸು ದೂರದಿಂದ ಮೇಣದಬತ್ತಿಯ ಜ್ವಾಲೆಯನ್ನು ಒಂದು ಕ್ಷಣ ಆಡಿಸಿದರೆ ಜ್ವಾಲೆಯ ಅಯಾನುಗಳು ಅದನ್ನು ತಣಿಸುತ್ತವೆ.

ಅತ್ಯಲ್ಪ ವಿಭವದ ಮಾತು

ಆವೇಶ ಅಳೆಯುವಾಗಿನ ಶತ್ರು ಸೋರಿಕೆಯಾದರೆ, ಕಡಿಮೆ ರೋಧದ ಮೂಲದಿಂದ ಬರುವ ಮೈಕ್ರೋವೋಲ್ಟ್ ಅಳೆಯುವಾಗಿನ ಶತ್ರು ಬಿಸಿ. ತಾಮ್ರ ಮತ್ತು ಸೀಸ-ತವರದ ಬೆಸುಗೆ ಕೂಡುವಲ್ಲಿ ಪ್ರತಿ ಡಿಗ್ರಿಗೆ ಒಂದರಿಂದ ಮೂರು ಮೈಕ್ರೋವೋಲ್ಟ್ ಹುಟ್ಟುತ್ತದೆ, ತುಕ್ಕು ಹಿಡಿದ ತಾಮ್ರದ ಸಂಪರ್ಕದಲ್ಲಿ ಅದು ಸಾವಿರದ ಹತ್ತಿರ ಹೋಗಬಲ್ಲದು. ಇದಕ್ಕೆ ಎಲ್‌ಟಿಸಿ 1050ರಂತಹ ತನ್ನ ಶೂನ್ಯದ ದೋಷವನ್ನು ತಾನೇ ತಿದ್ದಿಕೊಳ್ಳುವ ಚಾಪರ್ ಬಗೆಯ ಆಪ್‌ಆಂಪಿಗೆ 100 ಓಮ್ ಮತ್ತು 100 ಕಿಲೋಓಮ್ ಜೋಡಿಸಿ ಸಾವಿರ ಪಟ್ಟು ಹಿಗ್ಗಿಸಿ, ಸಂಪರ್ಕಗಳನ್ನೆಲ್ಲ ಉಜ್ಜಿ ಹೊಳಪಿಸಿ, ಹತ್ತಿಯಲ್ಲಿ ಸುತ್ತಿ ಒಂದೇ ಉಷ್ಣತೆಯಲ್ಲಿಡಿ. ಒಮ್ಮೆ ಅಳೆದ ಮೇಲೆ ಮೂಲದ ತುದಿಗಳನ್ನು ಅದಲುಬದಲು ಮಾಡಿ ಮತ್ತೆ ಅಳೆಯಿರಿ. ಎರಡು ಅಂಕಿಗಳ ವ್ಯತ್ಯಾಸದ ಅರ್ಧವೇ ನಿಜವಾದ ವಿಭವ, ಉಪಕರಣದ ಸ್ಥಿರ ದೋಷ ಅದರಲ್ಲಿ ಕಳೆದುಹೋಗುತ್ತದೆ.

ಮಳೆಗಾಲದಲ್ಲಿ

ಮೃಗಶಿರ ಮಳೆ ಹಿಡಿದ ಮೇಲೆ, ಅದರಲ್ಲೂ ಆಲಮಟ್ಟಿ ಹಿನ್ನೀರು ತುಂಬಿ ಬಾಗಲಕೋಟೆಯ ಗಾಳಿ ತೇವಗೊಂಡಾಗ, ಬೇಸಿಗೆಯಲ್ಲಿ ಮಿಸುಕದಿದ್ದ ಅಂಕಿ ಕಣ್ಣೆದುರೇ ಇಳಿಯತೊಡಗುತ್ತದೆ. ಡಬ್ಬಿಯೊಳಗೆ ಬಟ್ಟೆಯ ಗಂಟಿನಲ್ಲಿ ಸಿಲಿಕಾ ಜೆಲ್ ಇಟ್ಟು, ಅದರ ಬಣ್ಣ ಬದಲಾದಾಗ ಬಾಣಲೆಯಲ್ಲಿ ಹುರಿದು ಮತ್ತೆ ಬಳಸಿ. ಖಾನಾಪುರದ ಕಡೆಯ ಜಿಟಿಜಿಟಿ ಮಳೆಯನ್ನು ಕಾಣುವ ಬೆಳಗಾವಿಯವರಿಗೆ ಇಷ್ಟೇ ಸಾಲದು. ಅಳತೆಗೆ ಅರ್ಧ ಗಂಟೆ ಮೊದಲು ಡಬ್ಬಿಯ ಹೊರಮೈಗೆ ಹಳೆಯ 40 ವಾಟ್ ಬುರುಡೆ ದೀಪದ ಶಾಖ ಕೊಟ್ಟು, ಟೆಫ್ಲಾನ್ ಸುತ್ತಲಿನ ಗಾಳಿಗಿಂತ ತುಸು ಬೆಚ್ಚಗಿರುವಂತೆ ನೋಡಿಕೊಂಡು, ದೀಪ ಆರಿಸಿ, ಉಪಕರಣದ ಶೂನ್ಯವನ್ನು ಹೊಸದಾಗಿ ಬರೆದುಕೊಂಡ ಮೇಲೆಯೇ ಮೊದಲ ವಸ್ತುವನ್ನು ಚರಗಿಗೆ ಇಳಿಸಬೇಕು.